ಅಲ್ಲಾಡಿಸಬಾರದ ಬಾಟಲಿ

ನಮ್ಮ ಸೋದರಮಾವ ದೇವರನ್ನು ಕೂಡ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡದೆ ನಂಬುವ ಆಸಾಮಿಯಲ್ಲ! ತಿಪಟೂರಿನ ಕೊಬ್ಬರಿ ವ್ಯಾಪಾರಿ ಹೀಗಲ್ಲದೆ ಇನ್ನು ಹೇಗಿರುತ್ತಾನೆ ಹೇಳಿ? ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹತ್ತಿರ ಬಿಡುತ್ತೇವೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡು ಗಡಗಡ ಅಂದರೆ ಸರಿ. ಸದ್ದಿಲ್ಲದಿದ್ದರೆ ಇನ್ನೂ ಎಳಸು. ಈ ಒಂದು ಶಾಸ್ತ್ರವನ್ನು ಮಾವ ಇಡೀ ಪ್ರಪಂಚಕ್ಕೇ ಅನ್ವಯಿಸಿಬಿಟ್ಟಿದ್ದ. ಟಾರ್ಚು, ಗೋಡೆ ಗಡಿಯಾರ, ಏನೇ ಕೊಳ್ಳಲಿ, ಮೊದಲು ಕಿವಿಗೆ. ಹೊಸ ಮೊಬೈಲು ಸದ್ದು ಮಾಡಲಿಲ್ಲವೆಂದು "ಬ್ಯಾಡ ಕಣಪ್ಪ, ಇದಿನ್ನೂ ಬಲಿತಿಲ್ಲ" ಅಂತ ಅಂಗಡಿಯವನಿಗೆ ವಾಪಸು ಕೊಟ್ಟ ಪುಣ್ಯಾತ್ಮ!

ಮಾಯಸಂದ್ರಕ್ಕೆ ನನಗೆ ಹೆಣ್ಣು ನೋಡಲು ಹೋದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಹೆಣ್ಣನ್ನು ಅಲ್ಲಾಡಿಸುವಂತಿಲ್ಲವಲ್ಲ, ಸದ್ಯ! ಮಾವ ಸೀದಾ ಅವರ ಅಟ್ಟ ಹತ್ತಿ, ನಾಲ್ಕಾರು ಕಾಯಿ ಅಲ್ಲಾಡಿಸಿ ಇಳಿದು ಬಂದು, "ಈ ಮನೆ ಹೆಣ್ಣು ತರಬೋದು ಕಣ್ಲಾ, ಕಾಯಿ ಚೆನ್ನಾಗವೆ" ಎಂದ. ತನ್ನ ಮುಖವನ್ನು ಯಾರೂ ನೋಡಲೇ ಇಲ್ಲ ಎಂದು ನನ್ನ ಹೆಂಡತಿ ಇವತ್ತಿಗೂ ದೂರುತ್ತಾಳೆ.

ಕಿವಿ ಆದಮೇಲೆ ನಾಲಿಗೆ. ಕೊಬ್ಬರಿಯ ಚೂರು ಕಚ್ಚಿ, ಇದು ದಬ್ಬೇಘಟ್ಟದ ಕಾಲುವೆ ನೀರು ಕುಡಿದದ್ದು, ಇದು ಕಂದಿಕೆರೆ ಕಡೆಯದು ಎಂದು ಹೇಳಿಬಿಡುತ್ತಿದ್ದ. ಬೇಸಿಗೆ ರಜೆಯಲ್ಲಿ ನಮ್ಮನ್ನೆಲ್ಲ ಅಟ್ಟದ ಕೆಳಗೆ ಸಾಲಾಗಿ ಕೂರಿಸಿ, ಬಾಯಿಗೊಂದು ಚೂರು ಹಾಕಿ, "ಯಾವೂರದು ಹೇಳ್ಲಾ?" ಎನ್ನುತ್ತಿದ್ದ. ನಾವು ಬಾಯಿಗೆ ಬಂದ ಊರು ಹೇಳುತ್ತಿದ್ದೆವು. ತಪ್ಪಾದರೂ ಇನ್ನೊಂದು ಚೂರು ಸಿಗುತ್ತಿತ್ತು! ಆ ರುಚಿ ಆಮೇಲೆ ಯಾವ ಕೊಬ್ಬರಿಯಲ್ಲೂ ನನಗೆ ಸಿಕ್ಕಿಲ್ಲ. ಅವನು ಹೇಳುತ್ತಿದ್ದದ್ದು ಸುಳ್ಳೋ ನಿಜವೋ, ಪರೀಕ್ಷೆ ಮಾಡಿದವರು ಯಾರು? ಆದರೆ ಕೊಬ್ಬರಿ ಮಂಡಿಯಲ್ಲಿ ಅವನು ಬಾಯಿ ಚಪ್ಪರಿಸುವವರೆಗೆ ವ್ಯಾಪಾರಸ್ಥರು ಕಾಯುತ್ತಿದ್ದದ್ದಂತೂ ನಿಜ.

ಆ ನಾಲಿಗೆ ಎರಡು ವರ್ಷದ ಹಿಂದೆ ಒಂದು ಜ್ವರದಲ್ಲಿ ಹೋಯಿತು. ಮೂಗೂ ಅದರ ಹಿಂದೆಯೇ ಹೋಯಿತು. ಮಾವ ಯಾರಿಗೂ ಹೇಳಲಿಲ್ಲ. ಅತ್ತೆ ಮರೆತು ಎರಡು ಸಲ ಉಪ್ಪು ಹಾಕಿದ ಸಾರನ್ನು ಬಾಯಿಗಿಟ್ಟು ನಾವೆಲ್ಲ ಕಣ್ಣು ಕಣ್ಣು ಬಿಡುತ್ತಿದ್ದರೆ, ಮಾವ ಸೊರಸೊರ ಸುರಿದುಕೊಂಡು, "ಸಾರು ಅಂದ್ರೆ ಇದು ಕಣೇ!" ಎಂದ. ಅತ್ತೆ ಅಡುಗೆಮನೆಗೆ ಹೋಗಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಆಮೇಲೆ ನಮ್ಮನ್ನು ಹಿತ್ತಲಿಗೆ ಕರೆದು, "ಯಾರೂ ಬಾಯಿ ಬಿಡಬ್ಯಾಡಿ. ಊರಿಗೆ ಗೊತ್ತಾದ್ರೆ ಮಂಡೀಲಿ ಅವ್ರನ್ನ ಯಾರು ಕೇಳ್ತಾರೆ?" ಎಂದಳು. ಮಂಡಿಯಲ್ಲಿ ಯಾರಾದರೂ ಕೊಬ್ಬರಿ ಚೂರು ನೀಡಿದರೆ ಮಾವನಿಗೆ ಅಂದಿನಿಂದ ದಿನಾ ಹಲ್ಲುನೋವು! ಉಳಿದಿದ್ದೇ ಏಳೆಂಟು ಹಲ್ಲು, ಪಾಪ, ಅವಾದರೂ ಎಷ್ಟು ದಿನ ನೋಯಬೇಕು?

ಹೀಗಿರುವಾಗ ಮಾವನ ಮಗಳಿಗೆ ಹೆರಿಗೆಯಾಯಿತು. ಮಗು ನೋಡಲು ಬಂದ ಮೈಸೂರಿನ ಬೀಗರು ಒಂದು ಪೋರ್ಟ್ ವೈನ್ ಬಾಟಲಿ ತಂದರು. ವಿಭೂತಿ ಹಚ್ಚುವ ಮನೆಗೆ ವೈನೇ ಎಂದು ಹುಬ್ಬೇರಿಸಬೇಡಿ. ಬಾಣಂತಿಗೆ ಕೊಡುವ ವೈನು ನಮ್ಮಲ್ಲಿ ಹೆಂಡದ ಲೆಕ್ಕಕ್ಕೆ ಬರುವುದಿಲ್ಲ. ಅದು ಔಷಧಿ, ಶಿವನಿಗೂ ಗೊತ್ತು! ಆದರೆ ಇದನ್ನು ಯಾರೋ ಪೋರ್ಚುಗಲ್ಲಿನಿಂದ ತಂದುಕೊಟ್ಟದ್ದಂತೆ.

"ದ್ರಾಕ್ಷಿರಸ ಹುದುಗ್ತಿರುವಾಗಲೇ ಬ್ರಾಂದಿ ಬೆರೆಸಿ ನಿಲ್ಲಿಸಿಬಿಡ್ತಾರೆ ಬೀಗರೇ. ಅದಕ್ಕೇ ಸಿಹಿ ಉಳಿಯೋದು. ಇದಕ್ಕೆ ಮೂವತ್ತು ವರ್ಷ" ಎಂದರು ಬೀಗರು.

"ಮೂವತ್ತು ವರ್ಷನಾ! ಯಾವ ಅಟ್ಟದಾಗಿತ್ತು?" ಎನ್ನುತ್ತಾ ಮಾವ ಬಾಟಲಿ ಕಿತ್ತುಕೊಂಡು, ಕಿವಿಗೆ ಹಿಡಿದು ಅಲ್ಲಾಡಿಸಿಯೇ ಬಿಟ್ಟ!

"ಅಯ್ಯಯ್ಯೋ, ಅಲ್ಲಾಡಿಸಬಾರದು ಕಣ್ರೀ! ತಳದ ಗಸಿಯೆಲ್ಲ ಮೇಲಕ್ಕೆ ಬರುತ್ತೆ!" ಬೀಗರು ಎದೆ ಹಿಡಿದುಕೊಂಡರು. ದಾರಿಯುದ್ದಕ್ಕೂ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬಂದಿದ್ದರಂತೆ.

"ಸದ್ದೇ ಇಲ್ವಲ್ಲ ಬೀಗರೇ! ಒಳಗಿನ್ನೂ ನೀರೈತೆ. ಒಂದೈದು ವರ್ಷ ಬುಡಿ, ಒಣಗ್ಲಿ" ಎಂದ ಮಾವ.

ಗಸಿ ಇಳಿಯಲೆಂದು ಊಟ ಮುಗಿಯುವವರೆಗೆ ಬಾಟಲಿಯನ್ನು ಗೋಡೆಯ ಗೂಡಿನಲ್ಲಿ ನಿಲ್ಲಿಸಿದ್ದಾಯಿತು. ಊಟವಾದ ಮೇಲೆ ಬೀಗರು ಪುಟ್ಟ ಲೋಟಕ್ಕೆ ಒಂದಿಷ್ಟು ಬಗ್ಗಿಸಿ, "ನಿಮ್ಮ ನಾಲಿಗೆ ವಿಷಯ ಎಲ್ಲರೂ ಹೇಳ್ತಾರೆ. ರುಚಿ ನೋಡಿ ನೀವೇ ಬೆಲೆ ಕಟ್ಟಿ" ಎಂದರು. ಮಗು ನೋಡಲು ಬಂದಿದ್ದ ಮಂಡಿಯವರಿಬ್ಬರು ಕುತೂಹಲದಿಂದ ಹತ್ತಿರ ಸರಿದರು. ಮಾವ ಲೋಟವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡತೊಡಗಿದ.

"ಬಾಣಂತಿಗೆ ಅಂತ ತಂದಿರೋದು, ಮೊದ್ಲು ಹೆಂಗಸ್ರು ನೋಡ್ಬೇಕು. ಕೊಡಿ ಇಲ್ಲಿ" ಎಂದು ಅತ್ತೆ ಲೋಟ ಕಸಿದುಕೊಂಡು ಒಂದು ಗುಟುಕು ಕುಡಿದೇಬಿಟ್ಟಳು. ಹುಳಿ ಮಜ್ಜಿಗೆಗೇ ಮುಖ ಸಿಂಡರಿಸುವ ನಮ್ಮತ್ತೆ! ಆಮೇಲೆ ಮಾವನ ಕಡೆಗೇ ತಿರುಗಿ ನಿಧಾನವಾಗಿ ಹೇಳಿದಳು: "ಮೊದ್ಲು ಹಳೇ ಬೆಲ್ಲದ ಪಾಕ. ಆಮೇಲೆ ಒಣದ್ರಾಕ್ಷಿ, ಒಂಚೂರು ಒಗರು. ಕೊನೇಲಿ, ಕೊಬ್ಬರಿ ಅಗಿದ ಮೇಲೆ ಬಾಯಾಗೆ ನಿಲ್ತದಲ್ಲ, ಆ ಜಿಡ್ಡು."

ಮಾವ ಲೋಟ ತೆಗೆದುಕೊಂಡು ಕುಡಿದ. ಚಪ್ಪರಿಸಿದ. "ಅವಳು ಹೇಳಿದ್ದು ಸರಿ. ಆದ್ರೆ ಎಂಥಾ ಕೊಬ್ಬರಿ? ಕಂದಿಕೆರೆ ಕೊಬ್ಬರಿ ಕಣ್ರೀ! ಇದಕ್ಕೆ ಬೆಲೆ ಕಟ್ಟಬ್ಯಾಡಿ, ಇದು ಮಾರೋ ಮಾಲಲ್ಲ" ಎಂದ. ಬೀಗರು ಚಪ್ಪಾಳೆ ತಟ್ಟಿದರು. ಮಂಡಿಯವರು ಭಲೇ ಎಂದು ತಲೆದೂಗಿದರು. ಮಾವನ ಮರ್ಯಾದೆ ಉಳಿಯಿತು.

ಎಲ್ಲರೂ ಹೋದ ಮೇಲೆ ಮಾವ ಜಗಲಿಯಲ್ಲಿ ಕುಳಿತಿದ್ದ. ಲೋಟ ಎತ್ತಿಕೊಳ್ಳಲು ಬಂದ ಅತ್ತೆಯನ್ನು ನೋಡಿ, "ನಿಂಗೆ ಗೊತ್ತಿತ್ತು" ಎಂದ.

"ಹೂಂ" ಎಂದಳು ಅತ್ತೆ.

"ಗಂಟಲಾಗೆ ಬಿಸಿ ಒಂದು ಗೊತ್ತಾಯ್ತು ಕಣೇ. ಮಿಕ್ಕಿದ್ದೇನೂ ಇಲ್ಲ."

ಅತ್ತೆ ಲೋಟ ಕೆಳಗಿಟ್ಟು ಅವನ ಪಕ್ಕದಲ್ಲೇ ಕುಳಿತಳು. ನಾನು ಬಾಗಿಲಲ್ಲೇ ನಿಂತಿದ್ದೆ. ಮಾವ ಕೇಳಿದ:

"ಹೆಂಗಿತ್ತು ಅಂತ ಇನ್ನೊಂದ್ಸಲ ಹೇಳು. ನಿಧಾನಕ್ಕೆ ಹೇಳು."

ಅತ್ತೆ ಬೆಲ್ಲದಿಂದ ಶುರುಮಾಡಿದಳು. ಮಾವ ಅವಳ ಮುಖವನ್ನೇ ನೋಡುತ್ತಾ, ಖಾಲಿ ಬಾಯಿಯನ್ನು ಮೆಲ್ಲಗೆ ಚಪ್ಪರಿಸುತ್ತಿದ್ದ.