ಮೂಲೆಯಪ್ಪನೂ ಸಿಂಹದ ದೇವತೆಯೂ

ಚಳಿಗಾಲ ಗಂಟುಮೂಟೆ ಕಟ್ಟುತ್ತಿದ್ದ ದಿನಗಳು. ಸೋಮವಾರ, ಪ್ರೆಸ್ಸಿನ ಶಟರು ಇನ್ನೂ ಅರ್ಧಕ್ಕೇ ಎದ್ದಿದ್ದ ಬೆಳಗಿನ ಹೊತ್ತು. ಮೂಲೆಯಪ್ಪ ಬಗ್ಗಿ ಒಳಗೆ ಬಂದವನು ಬೆನ್ನು ನೆಟ್ಟಗೆ ಮಾಡುವ ಮೊದಲೇ ಮಾಲೀಕರು ಅವನ ಎದೆಗೆ ಒಂದು ಕಾಗದದ ಪೊಟ್ಟಣ ಒತ್ತಿದರು.

"ಇದನ್ನ ಮನೆಗೆ ತಗೊಂಡು ಹೋಗು. ಈಗಲೇ."

"ಯಾಕೆ ಸಾರ್?"

"ಪ್ರಶ್ನೆಪತ್ರಿಕೆ ಪ್ರೂಫ್ ನೋಡೋಕೆ ಶಾಲೆಯವರು ಬರ್ತಿದಾರೆ. ಅವರ ಕಣ್ಣಿಗೆ ಇದು ಬಿದ್ದರೆ ಮುಂದಿನ ವರ್ಷ ಪ್ರಶ್ನೆಪತ್ರಿಕೆ ಬೇರೆ ಪ್ರೆಸ್ಸು ನೋಡ್ಕೊಳ್ಳುತ್ತೆ. ಮನೇಲಿ ಕೂತು ಮೂಲೆ ನೋಡಿ ಮುಗಿಸು. ಸಾಯಂಕಾಲ ಇದನ್ನ ಮಾಡಿಸ್ತಿರೋ ಕಾರ್ಡಿನಮ್ಮ ಬರ್ತಾರೆ, ಅಷ್ಟರೊಳಗೆ ತಂದಿಡು. ಮಾದರಿ ಅಂತ ಇರೋದು ಇದೊಂದೇ. ಒಂದು ಎಲೆ ಹೋದರೆ ನಿನ್ನ ತಲೆ ಹೋಯ್ತು ಅಂತ ತಿಳ್ಕೊ."

ಮೂಲೆಯಪ್ಪ ಅನ್ನುವುದು ಪ್ರೆಸ್ಸಿನವರು ಇಟ್ಟ ಹೆಸರು. ವಿಸಿಟಿಂಗ್ ಕಾರ್ಡೋ, ಇಸ್ಪೀಟೋ, ಮಕ್ಕಳ ಚಿತ್ರದ ಎಲೆಯೋ, ಯಾವುದೇ ಬರಲಿ, ಅದರ ಮೂಲೆಗಳನ್ನು ಯಂತ್ರಕ್ಕೆ ಕೊಟ್ಟು ದುಂಡಗೆ ಮಾಡುವುದು ಅವನ ಕೆಲಸ. ವರ್ಷಗಟ್ಟಲೆ ಮೂಲೆಗಳನ್ನೇ ನೋಡಿ ನೋಡಿ, ಕಾಗದದ ನಡುವೆಯೂ ಏನಾದರೂ ಇರುತ್ತದೆ ಅನ್ನುವುದು ಅವನಿಗೆ ಮರೆತೇಹೋಗಿತ್ತು. ತನ್ನ ಮದುವೆಯ ಫೋಟೋವನ್ನು ಮೊದಲ ಸಲ ಕೈಗೆ ಕೊಟ್ಟಾಗಲೂ, "ಎಡಗಡೆ ಮೇಲಿನ ಮೂಲೆ ಸೊಟ್ಟಗಿದೆ" ಅಂದಿದ್ದ. ಹೆಂಡತಿ ಅದನ್ನು ಇವತ್ತಿಗೂ ಬಿಟ್ಟಿಲ್ಲ.

ಈ ಪೊಟ್ಟಣದ ಎಲೆಗಳು ಮಾತ್ರ ಅವನಿಗೂ ಕಷ್ಟ ಕೊಟ್ಟಿದ್ದವು. ಟ್ಯಾರೋ ಅಂತ ಹೆಸರು. ಇಸ್ಪೀಟಿನ ಹಾಗೆ ಕಂಡರೂ ಆಡುವುದಕ್ಕಲ್ಲ, ಹರಡಿಕೊಂಡು ಭವಿಷ್ಯ ನೋಡುವುದಕ್ಕೆ. ಒಂದೊಂದರಲ್ಲೂ ಒಂದೊಂದು ದೇಶದ ಪ್ರೇಮದೇವತೆ. ಒಬ್ಬಳು ಚಿಪ್ಪಿನ ಮೇಲೆ ನಿಂತು ಒದ್ದೆ ಕೂದಲು ಹಿಂಡುತ್ತಿದ್ದಳು, ಇನ್ನೊಬ್ಬಳು ಜೇನಿನ ಗಡಿಗೆ ತಬ್ಬಿಕೊಂಡು ಬೆರಳು ಚೀಪುತ್ತಿದ್ದಳು, ಮತ್ತೊಬ್ಬಳು ಕನ್ನಡಿಯಲ್ಲಿ ತನ್ನ ಬೆನ್ನನ್ನು ತಾನೇ ನೋಡಿ ನಗುತ್ತಿದ್ದಳು. ಅವರೆಲ್ಲರ ಮೈಮೇಲಿನ ಬಟ್ಟೆ ಒಟ್ಟು ಸೇರಿಸಿದರೂ ಒಂದು ದಿಂಬಿನ ಗೌಸಿಗೆ ಸಾಲದು. ಮೂಲೆಯಪ್ಪ ಕಣ್ಣನ್ನು ಗೋಡೆಯ ಕಡೆ ಇಟ್ಟು, ಮೂಲೆಗಳನ್ನು ಬೆರಳಲ್ಲೇ ಸವರಿ ಸವರಿ ಕೆಲಸ ಮಾಡಿದ್ದ.

ಪೊಟ್ಟಣ ಮನೆಗೆ ಒಯ್ಯಲು ಅವನು ಹಿಂಜರಿದದ್ದು ಮಾಲೀಕರ ಮಾತಿಗಲ್ಲ. ಮನೆಯಲ್ಲಿ ಅತ್ತೆ ಇದ್ದರು.

ಹೆಂಡತಿಯ ತಾಯಿ, ನಿವೃತ್ತ ಹೆಡ್‌ಮಿಸ್ಸು. ಮಗಳಿಗೆ ಜ್ವರ ಅಂತ ವಾರದ ಮಟ್ಟಿಗೆ ಬಂದವರು. ಜ್ವರ ಹೋಯಿತು, ಅವರು ಹೋಗಲಿಲ್ಲ. ಮಳೆಗಾಲ ಮುಗಿದು ಚಳಿಗಾಲವೂ ಮುಗಿಯುತ್ತ ಬಂದಿತ್ತು. ಮೂಲೆಯಪ್ಪ ಮಂಚ ಬಿಟ್ಟು ಹಾಲಿನ ಬೆಂಚಿಗೆ ಬಂದಿದ್ದ, ಬೀಡಿ ಬಿಟ್ಟಿದ್ದ, ಗೊರಕೆ ಬಿಡುವ ಪ್ರಯತ್ನದಲ್ಲಿದ್ದ. ಕೊನೆಗೂ ಬುಧವಾರ ಬೆಳಗಿನ ಬಸ್ಸಿಗೆ ಅತ್ತೆಯ ಟಿಕೇಟು ಆಗಿತ್ತು. ಅವರ ಟ್ರಂಕು ತುಂಬಿ ಬಾಗಿಲ ಪಕ್ಕ ನಿಂತಿತ್ತು. ಆದರೆ ಟಿಕೇಟು ತಂದ ದಿನವೇ ಅವರು ಬೆರಳೆತ್ತಿ ಹೇಳಿದ್ದರು: "ಹೋಗೋದರೊಳಗೆ ಈ ಮನೇಲಿ ಏನಾದರೂ ಅಡ್ಡಾದಿಡ್ಡಿ ಕಂಡಿತೋ, ನಾನು ಹೋಗಲ್ಲ. ಇಲ್ಲೇ ಇದ್ದು ಸರಿಮಾಡ್ತೀನಿ."

ಬುಧವಾರಕ್ಕೆ ಇನ್ನೆಷ್ಟು ಹೊತ್ತು ಅಂತ ಲೆಕ್ಕ ಹಾಕುತ್ತಿದ್ದವನ ಕಂಕುಳಲ್ಲಿ ಈಗ ಒಂದು ಪೊಟ್ಟಣ ತುಂಬ ಅಡ್ಡಾದಿಡ್ಡಿ.

ಮೆಟ್ಟಿಲ ಮೇಲೆ ರೇಡಿಯೋ ಅಕ್ಕ ಕೂತಿದ್ದರು. ಕೆಳಗಿನ ಮನೆಯವರು. ಬೀನ್ಸ್ ನಾರು ತೆಗೆಯುವುದು ನೆಪ, ಹೋಗಿ ಬರುವವರ ನಾರು ತೆಗೆಯುವುದು ಕೆಲಸ.

"ಏನಣ್ಣ, ಹೋದ ಕಾಲಲ್ಲೇ ಬಂದೆ? ಅದೇನು ಕಂಕುಳಲ್ಲಿ?"

"ಕಾರ್ಡು."

"ಎಂಥ ಕಾರ್ಡು?"

"ಮದುವೆ ಕಾರ್ಡು," ಅಂದುಬಿಟ್ಟ. ಅದಕ್ಕಿಂತ ಮರ್ಯಾದಸ್ಥ ಕಾರ್ಡು ಅವನಿಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ.

"ಯಾರ ಮದುವೆ?"

"ಗೊತ್ತಿರೋರದು."

"ಪ್ರೆಸ್ಸಲ್ಲಿ ಇರಬೇಕಾದ್ದು ಮನೆಗೆ ಯಾಕೆ ಬಂತು?"

"ಯಾರಿಗೂ ಗೊತ್ತಾಗಬಾರದು ಅಂತ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡ. ರೇಡಿಯೋ ಅಕ್ಕನ ಕೈಯಲ್ಲಿದ್ದ ಬೀನ್ಸು ಅಲ್ಲೇ ನಿಂತಿತು.

ಮನೆಯೊಳಗೆ ಅತ್ತೆ ಅಡುಗೆಮನೆಯಲ್ಲಿ ಪಾತ್ರೆಗಳಿಗೆ ಶಿಸ್ತು ಕಲಿಸುತ್ತಿದ್ದರು. ಹೆಂಡತಿ ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕೆಲಸಕ್ಕೆ ಹೋಗಿದ್ದಳು, ಬರುವುದು ಸಾಯಂಕಾಲ. ಮೂಲೆಯಪ್ಪ ಬೆಕ್ಕಿನ ಹಾಗೆ ಹೆಜ್ಜೆಯಿಟ್ಟು ಬಚ್ಚಲಿಗೆ ಹೊಕ್ಕು, ಬಕೆಟ್ಟು ಬೋರಲು ಹಾಕಿ ಕೂತು, ಎಲೆಗಳ ಮೂಲೆ ಸವರತೊಡಗಿದ. ಅರ್ಧವೂ ಆಗಿರಲಿಲ್ಲ, ಬಾಗಿಲು ದಡದಡ ಅಂದಿತು.

"ಒಳಗೆ ಯಾರು?"

"ನಾನೇ ಅತ್ತೆ."

"ನೀರಿನ ಸದ್ದೇ ಇಲ್ಲ. ಏನು ಮಾಡ್ತಿದೀರಿ?"

"ಯೋಚನೆ ಮಾಡ್ತಿದೀನಿ."

"ಅದಕ್ಕೆ ಬಚ್ಚಲೇ ಬೇಕಾ? ಹೊರಗೆ ಬಂದು ಸೋಪು ತಂದ್ಕೊಡಿ. ನಾನು ಸ್ನಾನಕ್ಕೆ ಹೋಗಬೇಕು."

ಎಲೆಗಳನ್ನು ಪೊಟ್ಟಣಕ್ಕೆ ತುಂಬಿ ದಾರ ಸುತ್ತಿ, ಅಂಗಿಯೊಳಗೆ ತುರುಕಿಕೊಂಡು ಹೊರಬಂದ. ಎಲ್ಲಿ ಇಡುವುದು? ಅಕ್ಕಿ ಡಬ್ಬಕ್ಕೆ ಅತ್ತೆ ಕೈ ಹಾಕುತ್ತಾರೆ, ಹಾಸಿಗೆಯನ್ನು ಅತ್ತೆ ಕೊಡವುತ್ತಾರೆ, ಅಟ್ಟವನ್ನು ಅತ್ತೆ ಗುಡಿಸುತ್ತಾರೆ. ಈ ಮನೆಯಲ್ಲಿ ಅತ್ತೆ ಕೈಯಾಡಿಸದ ಜಾಗವೇ ಇಲ್ಲ ಅಂದುಕೊಳ್ಳುತ್ತಿದ್ದಂತೆ ಕಣ್ಣಿಗೆ ಬಿತ್ತು, ಬಾಗಿಲ ಪಕ್ಕದ ಟ್ರಂಕು. ತುಂಬಿಟ್ಟ ಟ್ರಂಕನ್ನು ಬುಧವಾರದವರೆಗೆ ಯಾರು ತೆಗೆಯುತ್ತಾರೆ? ಅವನಿಗೆ ತನ್ನ ಬುದ್ಧಿಯ ಮೇಲೆ ತನಗೇ ಗೌರವ ಹುಟ್ಟಿತು. ಮುಚ್ಚಳ ಎತ್ತಿ, ಮಡಿಸಿಟ್ಟ ಬಿಳಿ ಸೀರೆಯ ಕೆಳಗೆ ಪೊಟ್ಟಣ ಜಾರಿಸಿ, ಸೋಪಿಗೆ ಓಡಿದ.

ಅಂಗಡಿಯಿಂದ ಬರುವಾಗ ರೇಡಿಯೋ ಅಕ್ಕ ಮೆಟ್ಟಿಲ ಮೇಲೆ ಇರಲಿಲ್ಲ. ಬೀನ್ಸಿನ ಬುಟ್ಟಿ ಅನಾಥವಾಗಿ ಕೂತಿತ್ತು. ಅಕ್ಕ ಅವನ ಮನೆಗೆ ಹೋಗಿ ಬಂದು ಆಗಲೇ ತಮ್ಮ ಬಾಗಿಲಲ್ಲಿ ನಿಂತಿದ್ದರು.

"ಹೇಳೋದು ನನ್ನ ಧರ್ಮ, ನಿನ್ನ ಅತ್ತೆಗೆ ಹೇಳಿದೀನಿ. ಆ ಹುಡುಗಿ ಯಾರಣ್ಣ?"

"ಯಾವ ಹುಡುಗಿ?"

"ಕಾರ್ಡಲ್ಲಿರೋ ಹುಡುಗಿ. ಮದುವೆ ಅಂದ ಮೇಲೆ ಹುಡುಗಿ ಇರಲ್ವಾ? ಇರೋ ಹೆಂಡತಿಗೇ ಒಂದು ಸೀರೆ ಕೊಡಿಸೋ ಗತಿಯಿಲ್ಲ, ಇನ್ನೊಂದು ಬೇರೆ."

ಅವನು ಹಾರಿ ಮೇಲೆ ಹೋದ. ಬಚ್ಚಲ ಬಾಗಿಲು ಮುಚ್ಚಿತ್ತು, ಒಳಗೆ ನೀರು ಬೀಳುತ್ತಿತ್ತು. ಸೋಪಿಗೆ ಕಾಯದೆ ಹೋಗಿದ್ದರು. ಬೈಗುಳವೂ ಕೇಳಲಿಲ್ಲ. ಅತ್ತೆಯ ಬೈಗುಳಕ್ಕೆ ಅವನು ಹೆದರುತ್ತಿದ್ದದ್ದು ಹೌದು, ಆದರೆ ಬೈಗುಳ ಇಲ್ಲದ ಅತ್ತೆಗೆ ಎಷ್ಟು ಹೆದರಬೇಕೆಂದು ಅವನಿಗೆ ಅಂದಾಜೇ ಇರಲಿಲ್ಲ.

ಟ್ರಂಕಿನ ಮುಚ್ಚಳ ಎತ್ತಿದ. ಬಿಳಿ ಸೀರೆ ಮೇಲಿತ್ತು, ಕೆಳಗೆ ಪೊಟ್ಟಣ ಇತ್ತು. ಉಸಿರು ಬಂತು. ಸೋಪನ್ನು ಟ್ರಂಕಿನ ಮೇಲೆ ಇಟ್ಟು, ಪೊಟ್ಟಣ ಅಂಗಿಯೊಳಗೆ ಇಳಿಸಿ, ಪ್ರೆಸ್ಸಿನ ಹಿಂಬಾಗಿಲವರೆಗೆ ಒಂದೇ ಓಟ.

ಶಾಲೆಯವರು ಹೋಗಿದ್ದರು. ಮಾಲೀಕರು ಎಲೆಗಳನ್ನು ಮೇಜಿನ ಮೇಲೆ ಜೋಡಿಸಿ, ಎಣಿಸಿ, ಮತ್ತೆ ಎಣಿಸಿ, ಕನ್ನಡಕ ತೆಗೆದರು.

"ಒಂದು ಇಲ್ಲ."

"ಸರಿಯಾಗಿ ಎಣಿಸಿ ಸಾರ್."

"ನೀನೇ ಎಣಿಸು. 'ಬಲ' ಅಂತ ಬರೆದಿತ್ತಲ್ಲ, ಸಿಂಹದ ಬಾಯಿ ಮುಚ್ತಿರೋ ಹೆಂಗಸು, ಅದು ಇಲ್ಲ."

ಮೂಲೆಯಪ್ಪ ತಾನೂ ಎಣಿಸಿದ. ದಾರಿಯಲ್ಲಿ ಬಿದ್ದಿರಲಾರದು, ಪೊಟ್ಟಣದ ದಾರ ಗಟ್ಟಿಯಿತ್ತು. ಅವನು ಕಟ್ಟಿದ ಗಂಟಾಗಿದ್ದರೆ ಸಡಿಲ ಇರಬೇಕಿತ್ತು. ಇದು ಯಾರೋ ಹೆಡ್‌ಮಿಸ್ಸು ಕಟ್ಟಿದ ಗಂಟು.

ಮನೆಗೆ ವಾಪಸು ಹೋಗುವಾಗ ಅವನ ಕಾಲುಗಳು ಮುಂದೆ ಹೋಗುತ್ತಿದ್ದವು, ಮೈ ಹಿಂದೆ ಬರುತ್ತಿತ್ತು. ಮೆಟ್ಟಿಲ ಬಳಿ ರೇಡಿಯೋ ಅಕ್ಕ, "ಮೇಲೆ ಹೋಗು, ಕಾಯ್ತಿದಾರೆ," ಅಂದರು. ಡಾಕ್ಟರ ಕೋಣೆಯ ಮುಂದೆ ಕೂತವರಿಗೆ ಹೇಳುವ ಹಾಗೆ.

ಅತ್ತೆ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಮಡಿಲಲ್ಲಿ ಆ ಎಲೆ, ಬೋರಲು. ಪಕ್ಕದಲ್ಲಿ ಟ್ರಂಕು, ಬೀಗ ಹಾಕಿದ್ದು.

"ಕೂತ್ಕೊಳ್ಳಿ ಅಳಿಯಂದಿರೇ," ಅಂದರು. ಸ್ವರ ಮೆತ್ತಗಿತ್ತು.

ತನ್ನ ಮನೆಯಲ್ಲಿ ತನ್ನನ್ನು ಕೂರು ಅಂತ ಯಾರಾದರೂ ಹೇಳಿ ತಿಂಗಳುಗಳಾಗಿದ್ದವು. ಮೂಲೆಯಪ್ಪ ಬೆಂಚಿನ ತುದಿಯಲ್ಲಿ ಅಂಟಿಕೊಂಡ.

"ಎಲ್ಲಾ ನೋಡಿದೀರಾ?"

ಸುಳ್ಳಿನ ಸರಕು ಬೆಳಿಗ್ಗೆಯೇ ಖಾಲಿಯಾಗಿತ್ತು. "ನೋಡಿದೀನಿ ಅತ್ತೆ. ಅದೇ ನನ್ನ ಕೆಲಸ. ಒಂದೊಂದನ್ನೂ ಬೆರಳಲ್ಲಿ ಸವರಿ ನೋಡ್ತೀನಿ."

"ಸವರಿ."

"ದುಂಡಗಿದೆಯೋ ಇಲ್ಲವೋ ಕೈಗೇ ಗೊತ್ತಾಗೋದು."

ಅತ್ತೆ ಕಣ್ಣು ಮುಚ್ಚಿಕೊಂಡರು. "ಈ ಸಿಂಹದ್ದನ್ನೂ?"

"ಅದಕ್ಕೆ ಸ್ವಲ್ಪ ಜಾಸ್ತಿ ಹೊತ್ತು ಹಿಡೀತು. ಕೆಳಗಡೆ ಒಂದು ಕಡೆ ಉಬ್ಬಿತ್ತು. ಮಾಲೀಕರಿಗೂ ತೋರಿಸಿದೆ."

"ಅವರು ಏನಂದ್ರು?"

"ಹಳೇ ಮಾಲು, ಅಷ್ಟು ಇದ್ದೇ ಇರುತ್ತೆ, ಜನ ಗಮನಿಸಲ್ಲ, ಹೋಗಲಿ ಬಿಡು ಅಂದ್ರು."

ಅತ್ತೆಯ ಗಲ್ಲ ನಡುಗುತ್ತಿರುವುದನ್ನು ಮೂಲೆಯಪ್ಪ ಕಂಡ. ಹೆದರಿದವರನ್ನು ಗುರುತಿಸುವುದು ಅವನಿಗೆ ಸುಲಭ, ದಿನಾ ಕನ್ನಡಿಯಲ್ಲಿ ನೋಡುತ್ತಿದ್ದ. ಆದರೆ ಅತ್ತೆಗೇನು ಹೆದರಿಕೆ?

"ಆಗ ನನಗೆ ಇಪ್ಪತ್ತೆರಡು ತುಂಬಿತ್ತು," ಅಂದರು. "ಮದುವೆ ಗೊತ್ತಾಗಿರಲಿಲ್ಲ. ಇದನ್ನ ಬರೆದ ಚಿತ್ರಗಾರರು ಊರಲ್ಲಿ ನಾನು ಇವತ್ತಿಗೂ ಇರೋ ಬೀದಿಯವರೇ. ಮುಖ ಮಾತ್ರ ನನ್ನದು ಅಂದರೆ ನೀವು ನಂಬಲ್ಲ. ನಂಬಬೇಡಿ, ಅದು ನಿಜವೂ ಅಲ್ಲ. ಸಿಂಹ ಮಾತ್ರ ಸುಳ್ಳು. ಅದು ಅವರ ಮನೆ ನಾಯಿ."

"ಏನತ್ತೆ?"

"ನಾಟಕ ಬೇಡ." ಎಲೆಯನ್ನು ತಿರುಗಿಸಿ ಅವನ ಮುಂದೆ ಹಿಡಿದರು.

ಮೂಲೆಯಪ್ಪ ಬದುಕಿನಲ್ಲಿ ಮೊದಲ ಸಲ ಒಂದು ಕಾಗದದ ನಡುವೆ ನೋಡಿದ. ಮೊಣಕಾಲವರೆಗೆ ಬಿಚ್ಚಿದ ಕೂದಲು. ನೀರಿನಿಂದ ಈಗಷ್ಟೇ ಎದ್ದ ಹಾಗೆ ಮೈಗೆ ಅಂಟಿದ ತೆಳು ಬಟ್ಟೆ. ಸಿಂಹದ ಗಲ್ಲಕ್ಕೆ ಎರಡೇ ಬೆರಳು ಕೊಟ್ಟು, ಒಂದಿಷ್ಟೂ ಆತುರವಿಲ್ಲದೆ ಅದರ ಬಾಯಿ ಮುಚ್ಚುತ್ತಿರುವ ಹೆಣ್ಣು. ಚೆಲುವೆ, ನಿಜಕ್ಕೂ ಚೆಲುವೆ. ತುಟಿಯ ಮೇಲೆ ಬಲಗಡೆ ಒಂದು ಮಚ್ಚೆ. ಮೇಲೆತ್ತಿದ ಒಂದು ಹುಬ್ಬು. ಆ ಹುಬ್ಬನ್ನು ಅವನು ದಿನಾ ಊಟದ ಹೊತ್ತಿಗೆ ನೋಡುತ್ತಿದ್ದ.

ಅವನ ಬಾಯಿ ತಾನಾಗಿಯೇ ತೆರೆದುಕೊಂಡಿತು.

"ನಾನು ಮೂಲೆ ನೋಡಿದ್ದು ಅತ್ತೆ," ಅಂದ. "ಮೂಲೆ ದುಂಡಗಿದೆಯಾ ಅಂತ. ಉಬ್ಬಿದ್ದದ್ದು ಮೂಲೆ. ಹಳೇ ಮಾಲು ಅಂದಿದ್ದು ಕಾಗದ. ಇದು ನೀವು ಅಂತ ನನಗೆ... ಈಗ ನೀವು ಹೇಳಿದ ಮೇಲೇ..."

ಅತ್ತೆಯ ಮುಖದಲ್ಲಿ ಬಣ್ಣ ಬಂತು, ಹೋಯಿತು, ಮತ್ತೆ ಬಂತು.

"ಮತ್ತೆ ನನ್ನ ಟ್ರಂಕಲ್ಲಿ ಯಾಕೆ ಇಟ್ರಿ?"

"ನೀವು ತೆಗೆಯಲ್ಲ ಅಂತ."

"ಮದುವೆ ಕಾರ್ಡು ಅಂತ ಆ ಕೆಳಗಿನವಳು ಹೇಳಿದ್ಲು. ಇದು ಇತ್ಯರ್ಥ ಆಗೋವರೆಗೂ ಹೋಗಲ್ಲ ಅಂತ ಸೀರೆ ತೆಗೀತಿದ್ದೆ. ಇದು ಸಿಕ್ತು. ನಿನ್ನ ಗುಟ್ಟು ನನಗೆ ಗೊತ್ತು, ಜಾಗ ಖಾಲಿ ಮಾಡು ಅಂತ ಅಳಿಯ ಹೇಳೋ ರೀತಿ ಇದು ಅಂದ್ಕೊಂಡೆ. ಬುಧವಾರ ಯಾಕೆ, ಇವತ್ತು ಸಾಯಂಕಾಲವೇ ಹೋಗಿಬಿಡೋಣ, ಇನ್ನು ಈ ಮನೆಗೆ ಕಾಲಿಡೋದು ಬೇಡ ಅಂತ ಬೀಗ ಹಾಕಿದ್ದೆ."

ಮೂಲೆಯಪ್ಪ ಬೀಗ ನೋಡಿದ. ಬಾಯಿ ಮುಚ್ಚಿಕೊಂಡು ಕೂತಿದ್ದರೆ ಸಾಕಿತ್ತು. ಒಂದೇ ಒಂದು ಸಲ.

"ಹೋಗಬಹುದಲ್ಲ ಅತ್ತೆ. ನಾನು ಯಾರಿಗೂ..."

"ಈಗ ಹೇಗೆ ಹೋಗಲಿ? ನೀವು ಕೆಟ್ಟವರಾಗಿದ್ದರೆ ಗುಟ್ಟು ಇಟ್ಕೊಂಡಿರ್ತಿದ್ರಿ, ನನಗೆ ನೆಮ್ಮದಿ. ನೀವು ಪೆದ್ದರು. ತರಕಾರಿ ಬಿಡಿಸೋ ಹೆಂಗಸಿನ ಮುಂದೆ ಎರಡು ಗಳಿಗೆ ಬಾಯಿ ಮುಚ್ಕೊಂಡಿರೋಕೆ ಆಗಲಿಲ್ಲ ನಿಮಗೆ." ಅತ್ತೆ ಎದ್ದು ಬಂದು, ಇನ್ನೂ ತೆರೆದೇ ಇದ್ದ ಅವನ ಗಲ್ಲಕ್ಕೆ ಎರಡು ಬೆರಳು ಕೊಟ್ಟು, ಆತುರವಿಲ್ಲದೆ ಮುಚ್ಚಿದರು. "ಈ ಬಾಯಿ ಇನ್ನು ನನ್ನ ಕಣ್ಣೆದುರೇ ಇರಬೇಕು. ಹೊರಗೆ ಒಂದು ಮಾತು ಬಂದರೂ ನಿಮ್ಮಿಂದಲೇ ಬಂತು ಅಂತ ನನಗೆ ಗೊತ್ತಾಗುತ್ತೆ. ಆಗ ನಾನು ಹೋಗ್ತೀನಿ. ನನ್ನ ಮಗಳನ್ನೂ ಕರ್ಕೊಂಡು."

ಸಾಯಂಕಾಲ ಹೆಂಡತಿ ಬಂದು ಸುದ್ದಿ ಕೇಳಿ ಅವನ ಕೈ ಹಿಡಿದಳು. "ಅಮ್ಮ ಇಲ್ಲೇ ಇರ್ತಾರಂತೆ. ನೀವೇ ಒತ್ತಾಯ ಮಾಡಿದ್ರಂತೆ. ನಿಮ್ಮ ಮನಸ್ಸು ಎಷ್ಟು ದೊಡ್ಡದು." ಅವನು ತಲೆಯಾಡಿಸಿದ. ಬಾಯಿ ತೆರೆಯಲಿಲ್ಲ.

ಕಳೆದ ಎಲೆಯ ಬಗ್ಗೆ ಇಷ್ಟು ಹೆದರಬೇಕಾಗಿಯೂ ಇರಲಿಲ್ಲ. ಸೋಮವಾರ ಸಾಯಂಕಾಲ ಬರಬೇಕಿದ್ದ ಕಾರ್ಡಿನಮ್ಮ ಬಂದದ್ದು ಮಂಗಳವಾರ. ಅಷ್ಟರಲ್ಲಿ ಮಾಲೀಕರು ಅದೊಂದನ್ನು ಹೊಸದಾಗಿ ಅಚ್ಚು ಹಾಕಿಸಿದ್ದರು, ಆಕೆ ನಕ್ಕು ಸುಮ್ಮನಾದರು. ಅವರು ಒಳ್ಳೆಯ ಹೆಂಗಸು, ಮಾತು ಸ್ವಲ್ಪ ಜಾಸ್ತಿ.

"ಇದೆಲ್ಲ ನಮ್ಮ ತಾತ ಬರೆದದ್ದು. ಹೋದ ತಿಂಗಳು ಅಟ್ಟ ಕ್ಲೀನ್ ಮಾಡಿಸುವಾಗ ಸಿಕ್ಕಿದ್ದು," ಅಂದರು. "ಒರಿಜಿನಲ್ಲನ್ನೆಲ್ಲ ಊರಲ್ಲಿ ನಮ್ಮ ಮನೆಯ ಮುಂದಿನ ಹಾಲಿನಲ್ಲಿ ತೂಗುಹಾಕಿದೀನಿ, ಯಾರು ಬೇಕಾದರೂ ಬಂದು ನೋಡಬಹುದು. ಆ ಸಿಂಹದ್ದಂತೂ ಗೋಡೆಯಷ್ಟು ದೊಡ್ಡದು. ಬೀದಿಯಿಂದಲೇ ಕಾಣುತ್ತೆ."

ಮೂಲೆಯಪ್ಪ ಮನೆಗೆ ಬಂದು ಇದನ್ನು ಅತ್ತೆಗೆ ಹೇಳೋಣವೆಂದು ಬಾಯಿ ತೆರೆದ. ಅತ್ತೆ ಎರಡು ಬೆರಳು ಎತ್ತಿ ತೋರಿಸಿದರು. ಮುಚ್ಚಿದ.

ಬುಧವಾರ ಬೆಳಿಗ್ಗೆ ಅವನು ಹಾಲು ತರಲು ಹೊರಟಾಗ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ಕೆಳಗಿನ ಮನೆಗೆ ಬೀಗ. ಅವನು ಹಿಂದಿರುಗಿ ಬಂದು ಕೇಳಿದ.

"ನನ್ನ ಟಿಕೇಟು ದಂಡ ಆಗೋದು ಯಾಕೆ ಅಂತ ಆಕೆಗೇ ಕೊಟ್ಟೆ," ಅಂದರು ಅತ್ತೆ, ಕಾಫಿ ಸೋಸುತ್ತ. "ಮದುವೆ ಕಾರ್ಡು ಅಂತ ಬೀದಿಯೆಲ್ಲ ಸಾರೋ ಬದಲು ನಮ್ಮ ಊರಲ್ಲಿ ನಾಲ್ಕು ದಿನ ಇದ್ದು ಬರಲಿ. ಮನೆ ಬೀಗದ ಕೈನೂ ಕೊಟ್ಟಿದೀನಿ. ನಮ್ಮ ಬೀದಿ ಜನ ಒಳ್ಳೆಯವರು, ಎಲ್ಲರ ಮನೆಗೂ ಹೋಗಿ ಮಾತಾಡ್ಸಿಕೊಂಡು ಬಾ ಅಂದಿದೀನಿ. ಯಾಕೆ, ಮುಖ ಯಾಕೆ ಹಾಗಾಯ್ತು?"

ಮೂಲೆಯಪ್ಪ ಹಾಲಿನ ಪಾತ್ರೆ ಹಿಡಿದುಕೊಂಡೇ ಬಸ್ ನಿಲ್ದಾಣದವರೆಗೆ ಓಡಿದ. ಬಸ್ಸು ನಿಂತಿದ್ದ ಜಾಗದಲ್ಲಿ ಎಣ್ಣೆಯ ಕಲೆ ಮಾತ್ರ ಇತ್ತು.

ಅತ್ತೆ ಹೋಗಲಿಲ್ಲ. ರೇಡಿಯೋ ಅಕ್ಕ ಹೋದರು, ಬುಧವಾರ.