ಹದ್ದು ಲೀಗಿನ ಗಡಿಯನ್ನು ಕೂಡಲೇ ಏರಿಸುವ ಬಗ್ಗೆ

ಮಾನ್ಯರೇ,

‘ಜೋಡಿ ಕೋಟೆ’ ಆಟದ ಶ್ರೇಯಾಂಕ ವಿಭಾಗದ ಮುಖ್ಯಸ್ಥರಾಗಿ, ಲಕ್ಷಾಂತರ ಆಟಗಾರರಲ್ಲಿ ಯಾರು ಹದ್ದು, ಯಾರು ಪಾರಿವಾಳ ಎಂಬುದನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ತೀರ್ಮಾನಿಸಿಬಿಡುವ ತಮ್ಮ ಸನ್ನಿಧಾನಕ್ಕೆ ತಲೆಬಾಗಿ ವಂದಿಸಿ, ನಿನ್ನೆ ರಾತ್ರಿ ನನ್ನ ಫೋನಿಗೆ ಬಂದ ಎಚ್ಚರಿಕೆಯ ನೋಟಿಸಿಗೆ ಈ ಬಹಿರಂಗ ಉತ್ತರವನ್ನು ಸಲ್ಲಿಸುತ್ತಿದ್ದೇನೆ. ನಾನು ಸತತ ಹನ್ನೊಂದು ಆಟಗಳನ್ನು ಬೇಕೆಂದೇ ಸೋತಿದ್ದೇನೆ ಎಂದು ತಾವು ಅದರಲ್ಲಿ ಆರೋಪಿಸಿದ್ದೀರಿ. ಸತ್ಯಕ್ಕೆ ಅಪಚಾರವಾಗಬಾರದೆಂದು ಮೊದಲೇ ಹೇಳಿಬಿಡುತ್ತೇನೆ: ಬೇಕೆಂದೇ ಸೋತದ್ದು ಕೊನೆಯ ಐದು ಮಾತ್ರ. ಮೊದಲ ಆರರಲ್ಲಿ ನಾನು ಜೀವ ತೇಯ್ದು ಆಡಿದ್ದೆ.

ನಾನು ಯಾರೆಂದು ತಮಗೆ ತಿಳಿದಿರಲಿ. ನಾನು ತೂಕ ಮತ್ತು ಅಳತೆ ಇಲಾಖೆಯ ಪರೀಕ್ಷಕ. ಇಪ್ಪತ್ತೆರಡು ವರ್ಷಗಳಿಂದ ಹಿತ್ತಾಳೆ ಬಟ್ಟುಗಳ ಪೆಟ್ಟಿಗೆಯನ್ನು ಹೆಗಲಿಗೆ ಹಾಕಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆದು ತಕ್ಕಡಿಗಳಿಗೆ ಮುದ್ರೆ ಒತ್ತಿದವನು; ತಟ್ಟೆಯ ಅಡಿಗೆ ಅಯಸ್ಕಾಂತ ಅಂಟಿಸಿದ್ದ ತರಕಾರಿಯವನನ್ನೂ, ಪ್ರತಿ ತೂಕಕ್ಕೂ ತನ್ನ ಹೆಬ್ಬೆರಳನ್ನು ಉದಾರವಾಗಿ ಸೇರಿಸುತ್ತಿದ್ದ ಮೀನಿನಂಗಡಿಯವನನ್ನೂ ಕೈಯಾರೆ ಹಿಡಿದವನು. ಅಂಥ ನಾನೇ ನನ್ನ ಸ್ವಂತ ತೂಕವನ್ನು ಕದ್ದುಮುಚ್ಚಿ ಇಳಿಸಿಕೊಳ್ಳಲು ಹೋಗಿ ತಮ್ಮ ಕೈಗೆ ಸಿಕ್ಕಿಬಿದ್ದಿದ್ದೇನೆ. ಕಚೇರಿಯಲ್ಲಿ ಈ ಸುದ್ದಿ ಹರಡಿದ ಮೇಲೆ ಜವಾನ ಕೂಡ ನನ್ನ ಎದುರು ಕೆಮ್ಮುತ್ತಾನೆ.

ಇದಕ್ಕೆಲ್ಲ ಮೂಲ ನಮ್ಮಕ್ಕ. ಇಲ್ಲಿಂದ ಐದು ಗಂಟೆಯ ರೈಲು ಹಾದಿಯ ಊರಿನಲ್ಲಿ ಅವಳದೊಂದು ಟೈಲರಿಂಗ್ ಅಂಗಡಿಯಿದೆ. ಮೂರು ಹೊಲಿಗೆ ಯಂತ್ರ, ಶಾಲಾ ಸಮವಸ್ತ್ರದ ರಾಶಿ, ಮತ್ತು ಅವಳು. ಮೊದಲೆಲ್ಲ ನಮ್ಮ ಫೋನ್ ಮಾತು ಮೂರು ನಿಮಿಷದಲ್ಲಿ ಮುಗಿಯುತ್ತಿತ್ತು: ಊಟ ಆಯ್ತಾ, ಬಿಪಿ ಹೇಗಿದೆ, ಸರಿ ಇಡ್ತೀನಿ. ಎರಡು ವರ್ಷದ ಹಿಂದೆ ತಮ್ಮ ಆಟ ನಮ್ಮಿಬ್ಬರ ಫೋನಿಗೆ ಬಂತು ನೋಡಿ, ಅಂದಿನಿಂದ ಸಂಜೆ ಏಳರಿಂದ ಎಂಟರವರೆಗೆ ಅವಳು ಗೋಡೆ ಕಟ್ಟುತ್ತಾಳೆ, ನಾನು ಬಾಣ ಬಿಡುತ್ತೇನೆ, ಇಬ್ಬರೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಲೋಕದ ಮಾತೆಲ್ಲ ಆಡುತ್ತೇವೆ. ಅಂಗಡಿ ಮೆಟ್ಟಿಲಲ್ಲಿ ಜಾರಿ ಬಿದ್ದು ಮಂಡಿ ಊದಿಸಿಕೊಂಡದ್ದನ್ನು ಯಾರಿಗೂ ಹೇಳದ ಅವಳು, ಕೋಟೆಯ ಉತ್ತರ ಬಾಗಿಲು ದುರಸ್ತಿ ಮಾಡುವಾಗ ನನಗೆ ಹೇಳಿದಳು. ಆ ಒಂದು ಗಂಟೆ ನನಗೆ ದಿನದ ಉಳಿದ ಇಪ್ಪತ್ಮೂರಕ್ಕಿಂತ ದೊಡ್ಡದು.

ಹೀಗಿರುವಾಗ ತಾವು, ಆಟಗಾರರ ಆನಂದವನ್ನು ಹೆಚ್ಚಿಸುವ ಘನ ಉದ್ದೇಶದಿಂದ, ಎಲ್ಲಕ್ಕಿಂತ ಮೇಲಿನ ಹದ್ದು ಲೀಗಿನ ಗಡಿಯನ್ನು 2,100 ಅಂಕದಿಂದ 2,000ಕ್ಕೆ ಇಳಿಸಿದಿರಿ. ಅದರ ಮರುವಾರವೇ ನಾನು 2,003 ಮುಟ್ಟಿ ಹದ್ದಾಗಿಬಿಟ್ಟೆ. ಪರದೆಯ ತುಂಬ ಹೊನ್ನಿನ ಗರಿಗಳು ಉದುರಿದವು, ಕಹಳೆ ಮೊಳಗಿತು, ನಾನು ಕುರ್ಚಿಯಿಂದ ಎದ್ದು ನಿಂತೆ. ಆಮೇಲೆ ಅಕ್ಕನನ್ನು ಕರೆಯಲು ನೋಡಿದರೆ ಅವಳ ಹೆಸರಿನ ಮುಂದಿನ ಗುಂಡಿ ಬೂದು ಬಣ್ಣಕ್ಕೆ ತಿರುಗಿತ್ತು, ಏಕೆಂದರೆ ಅವಳು ಇನ್ನೂ 1,947ರಲ್ಲಿದ್ದಳು ಮತ್ತು ಹದ್ದುಗಳು ಪಾರಿವಾಳಗಳ ಜೊತೆ ಆಡಕೂಡದೆಂಬುದು ತಮ್ಮ ನಿಯಮ.

ಹದ್ದು ಲೀಗಿನಲ್ಲಿ ತಾವು ನನಗೆ ಒದಗಿಸಿದ ಎದುರಾಳಿಗಳ ಬಗ್ಗೆ ಎಷ್ಟು ಹೊಗಳಿದರೂ ಸಾಲದು. ಒಬ್ಬರು ನನ್ನ ಕೋಟೆಯನ್ನು ನಲವತ್ತು ಸೆಕೆಂಡಿನಲ್ಲಿ ನೆಲಸಮ ಮಾಡಿ, ‘ಕ್ಷಮಿಸಿ, ಇನ್ನೊಂದು ಕೈಯಲ್ಲಿ ಚಹಾ ಇತ್ತು, ಸ್ವಲ್ಪ ತಡವಾಯಿತು’ ಎಂದು ಸಂದೇಶ ಕಳಿಸಿದರು. ನನ್ನಂಥವನನ್ನೂ ಒಳಗೆ ಬಿಟ್ಟುಕೊಂಡಿತು ಎಂಬುದೇ ಆ ಗಡಿ ಸರಿಯಿಲ್ಲ ಎನ್ನುವುದಕ್ಕೆ ಸಾಕ್ಷಿ, ಬೇರೆ ಬೇಕಿಲ್ಲ. ಆರು ಸಲ ಹೀಗೆ ಮಣ್ಣು ಮುಕ್ಕಿದ ಮೇಲೆ, 1,950ಕ್ಕಿಂತ ಕೆಳಗಿಳಿದವರನ್ನು ವಾಪಸು ಪಾರಿವಾಳ ಮಾಡುತ್ತೀರೆಂಬ ನಿಯಮ ಕಣ್ಣಿಗೆ ಬಿತ್ತು. ಸೋಲಿಗೆ ಐದರಂತೆ ಇನ್ನೈದು ಸೋಲು ಸಾಕಿತ್ತು. ಬಾಣಗಳನ್ನು ಆಕಾಶಕ್ಕೆ ಬಿಟ್ಟೆ, ಕೋಟೆ ಬಾಗಿಲನ್ನು ತೆರೆದಿಟ್ಟೆ, ಒಮ್ಮೆಯಂತೂ ಶತ್ರುವಿಗೆ ದಾರಿ ತೋರಿಸಿದೆ. ಇಂದು ನನ್ನ ಅಂಕ 1,948.

ಅಕ್ಕನಿಗೆ ಇದನ್ನು ಹೇಳಿಲ್ಲ. ಹೇಳಿದರೆ ಬೈಗುಳ ಖಂಡಿತ. ಅವಳೋ ನಾನು ಹದ್ದಾದಂದಿನಿಂದ ಈ ಎರಡು ವಾರ, ಫೋನ್ ಮಾಡಿದಾಗಲೆಲ್ಲ ‘ಕೈತುಂಬ ಕೆಲ್ಸ ಕಣೋ, ಆಮೇಲೆ ಮಾಡ್ತೀನಿ’ ಎಂದು ಇಟ್ಟುಬಿಡುತ್ತಿದ್ದಾಳೆ. ಸಿಟ್ಟಾಗಿದ್ದಾಳೋ ಏನೋ ಎಂದು ನನಗೆ ಸಂಕಟ.

ಈಗ ತಮ್ಮ ನೋಟಿಸಿನ ಪ್ರಕಾರ ಇನ್ನೊಂದು ಆಟ ಬೇಕೆಂದೇ ಸೋತರೆ ನನ್ನ ಖಾತೆಗೆ ಬೀಗ; ಏಳು ಆಟ ಗೆದ್ದರೆ ನಾನು ಮತ್ತೆ ಹದ್ದು, ಅಕ್ಕ ಮತ್ತೆ ಬೂದು. ಆದ್ದರಿಂದ ನನ್ನ ಬೇಡಿಕೆಗಳನ್ನು ಪರಾಂಬರಿಸಬೇಕು. ಗೆದ್ದಾಗ ಬಾಣ ಬಿಟ್ಟ ನನಗೆ ಎಂಟು ಅಂಕ, ಗೋಡೆ ಕಟ್ಟಿದ ಅವಳಿಗೆ ಐದು ಕೊಡುತ್ತೀರಲ್ಲ, ಅದು ಯಾರ ಹೆಬ್ಬೆರಳು ಎಂದು ದಯವಿಟ್ಟು ಪತ್ತೆಹಚ್ಚಿ. ಅವಳ ಗೋಡೆ ನಿಂತಿದ್ದರಿಂದಲೇ ನನ್ನ ಬಾಣ ಹಾರಿತು, ಮತ್ತು ಅಡ್ಡಗೋಡೆಯೊಂದು ನೂಲಿನಷ್ಟೂ ಓರೆಯಾಗದಂತೆ ಕಟ್ಟುವ ಕೌಶಲ ತಮ್ಮ ತಕ್ಕಡಿಗೆ ಕಾಣದಿದ್ದರೆ, ಆ ತಕ್ಕಡಿಯನ್ನು ಕೆಲಸದ ದಿನ ಹತ್ತರಿಂದ ಐದರೊಳಗೆ ನಮ್ಮ ಕಚೇರಿಗೆ ಹೊತ್ತು ತಂದು ಪರೀಕ್ಷೆಗೆ ಒಪ್ಪಿಸತಕ್ಕದ್ದು. ಅದು ಗಾಳಿಯಲ್ಲಿರುವ ಲೆಕ್ಕಾಚಾರ, ಹೊರಲು ಬರುವುದಿಲ್ಲ ಎನ್ನುವುದಾದರೆ ಗಾಳಿಯ ಸಮೇತ ತನ್ನಿ. ಮುದ್ರೆ ಎಲ್ಲಿ ಒತ್ತುವುದೆಂಬುದು ನನ್ನ ತಲೆನೋವು. ಜೊತೆಯಾಗಿ ಆಡುವವರನ್ನು ಜೊತೆಯಾಗಿಯೇ ತೂಗಿ. ಅದು ಆಗುವವರೆಗೆ ಹದ್ದು ಲೀಗಿನ ಗಡಿಯನ್ನು ಮರಳಿ 2,100ಕ್ಕೆ ಏರಿಸಿ. ಈ ಅಂಕಿಯನ್ನು ನಾನು ತಪಾಸಣಾ ಪುಸ್ತಕದ ಹಿಂಬದಿಯಲ್ಲಿ ಅತ್ಯಂತ ವೈಜ್ಞಾನಿಕವಾಗಿ ಲೆಕ್ಕ ಹಾಕಿದ್ದು, ಅಷ್ಟು ಎತ್ತರಕ್ಕೆ ನಾನಾಗಲಿ ಅಕ್ಕನಾಗಲಿ ಜನ್ಮದಲ್ಲಿ ಹಾರಲಾರೆವು ಎಂಬುದು ಕೇವಲ ಕಾಕತಾಳೀಯ.

ತಮ್ಮ ನ್ಯಾಯಬುದ್ಧಿಯಲ್ಲಿ ಇನ್ನೂ ಭರವಸೆಯಿಟ್ಟಿರುವ, ಈ ಸಂಜೆ ಏಳಕ್ಕೆ ಅಕ್ಕನ ಮುಂದೆ ಪಾರಿವಾಳವಾಗಿ ಹಾಜರಾಗಲಿರುವ,

ತಮ್ಮ ವಿಶ್ವಾಸಿ,
‘ತಕ್ಕಡಿ’
(ಪಾರಿವಾಳ ಲೀಗ್)

ತಾ.ಕ.: ಪತ್ರವನ್ನು ಕಳಿಸುವ ಮೊದಲೇ ಏಳು ಗಂಟೆಯಾಯಿತು. ಅಕ್ಕನನ್ನು ಕರೆಯಲು ಹೋದರೆ ಗುಂಡಿ ಮತ್ತೆ ಬೂದು. ಗಾಬರಿಯಾಗಿ ಫೋನ್ ಮಾಡಿದೆ. ಹದ್ದುಗಳ ನಡುವೆ ನಾನೊಬ್ಬನೇ ಸಿಕ್ಕಿಹಾಕಿಕೊಂಡೆನಲ್ಲ ಎಂದು ಮರುಗಿ, ಈ ಎರಡು ವಾರ ಸಮವಸ್ತ್ರಗಳನ್ನು ಪಕ್ಕಕ್ಕೆ ತಳ್ಳಿ, ನನಗೆ ಸುಳಿವು ಕೊಡದೆ ಒಂಟಿಯಾಗಿ ಆಡಿ ಆಡಿ, ನಿನ್ನೆ ಅವಳು 2,002 ಮುಟ್ಟಿದ್ದಾಳೆ. ‘ಕಷ್ಟಪಟ್ಟು ಮೇಲೆ ಬಂದು ನೋಡಿದ್ರೆ ನೀನೇ ಇಲ್ವಲ್ಲೋ, ಎಲ್ಲಿ ಹಾಳಾಗಿ ಹೋದೆ?’ ಎಂದಳು. ಆದಕಾರಣ ಪತ್ರದಲ್ಲಿ 2,100 ಎಂದಿರುವುದನ್ನು 1,948 ಎಂದು ಓದಿಕೊಳ್ಳಬೇಕು. ಮರುಪರಿಶೀಲನೆಯಲ್ಲಿ ಅದೇ ವೈಜ್ಞಾನಿಕವೆಂದು ಸಾಬೀತಾಗಿದೆ. ಅಕ್ಕ ಮಾತ್ರ ತಮ್ಮ ಉತ್ತರಕ್ಕೆ ಕಾಯದೆ ಸೋಲಲು ಕೂತಿದ್ದಾಳೆ, ಮತ್ತು ಅಭ್ಯಾಸಬಲದಿಂದ ಗೋಡೆ ಗಟ್ಟಿಯಾಗಿಬಿಟ್ಟು ಈಗಾಗಲೇ ಮೂರು ಸಲ ಗೆದ್ದಿದ್ದಾಳೆ. ಮುಂದೆ ಸೋತಾಗ ಅವಳಿಗೂ ನೋಟಿಸ್ ಕಳಿಸುವ ಯೋಚನೆ ತಮಗಿದ್ದರೆ ಒಂದು ಕಿವಿಮಾತು: ನಮ್ಮ ಮನೆತನದಲ್ಲಿ ಇಷ್ಟು ವಿನಯದಿಂದ ಪತ್ರ ಬರೆಯುವವನು ನಾನೊಬ್ಬನೇ.