ಬೆರಿಲ್‌ಗೆ ಮೂವತ್ತೆರಡು ಡಿಗ್ರಿ, ನನಗೆ ಎರಡು ಸ್ವೆಟರ್

ಈ ಚಳಿಗಾಲದಲ್ಲಿ ನಮ್ಮ ಮನೆಯಲ್ಲಿ ಬೆಚ್ಚಗಿದ್ದವಳು ಒಬ್ಬಳೇ. ಅವಳು ನನ್ನ ಹೆಂಡತಿಯಲ್ಲ. (ಹೆಂಡತಿಯೇ ಇದನ್ನು ಚರ್ಚಿನ ಅಂಗಳದಲ್ಲಿ ಎಲ್ಲರಿಗೂ ಹೇಳಿಯಾಗಿದೆ. ನಾನು ಮುಚ್ಚಿಟ್ಟು ಪ್ರಯೋಜನವಿಲ್ಲ.) ಅವಳ ಹೆಸರು ಬೆರಿಲ್. ಉದ್ದ ಏಳಡಿ. ಜಾತಿ, ಹೆಬ್ಬಾವು.

ಬೆರಿಲ್ ನನ್ನ ಗೆಳೆಯ ಮರ್ವ್‌ನ ಹಾವು. ಮದುವೆಯಾಗದ ಮರ್ವ್‌ಗೆ ಸಂಸಾರ ಅಂತ ಇದ್ದದ್ದು ಅವಳು ಮಾತ್ರ. ಮೇ ತಿಂಗಳಲ್ಲಿ, ಭೂಗೋಳದ ದಕ್ಷಿಣಾರ್ಧದ ನಮ್ಮ ಊರು ಬ್ಯಾಲರಟ್ಟಿನಲ್ಲಿ ಚಳಿ ಶುರುವಾಗುವ ಹೊತ್ತಿಗೆ, ಅವನು ಹೋದ. ಹೋಗುವ ಮುಂಚೆ ಆಸ್ಪತ್ರೆಯ ಹಾಸಿಗೆಯಿಂದಲೇ ನನಗೆ ರಾಜ್ಯಭಾರ ಒಪ್ಪಿಸಿದ.

"ಲೈಲ್, ಬೆರಿಲ್ ನಿನಗೆ. ಗಾಜಿನ ಗೂಡಿನ ಬೆಚ್ಚಗಿನ ಕಡೆ ಮೂವತ್ತೆರಡು ಡಿಗ್ರಿ, ತಂಪಿನ ಕಡೆ ಇಪ್ಪತ್ತೈದು, ತೇವ ನೂರಕ್ಕೆ ಐವತ್ತು. ಪೊರೆ ಬಿಡೋ ಕಾಲಕ್ಕೆ ತೇವ ಇನ್ನಷ್ಟು ಬೇಕು. ಪೊರೆ ಇಡಿಯಾಗಿ ಬರಬೇಕು ಕಣೋ, ಕಾಲುಚೀಲ ಬಿಚ್ಚಿದ ಹಾಗೆ. ಚೂರು ಚೂರಾದ್ರೆ ಕಣ್ಣ ಮೇಲಿಂದು ಅಲ್ಲೇ ಕಚ್ಚಿಕೊಳ್ಳತ್ತೆ. ಅವಳ ಕಣ್ಣಿಗೇ ಕುತ್ತು."

"ಆಯ್ತು ಮಾರಾಯ. ಇನ್ನೇನಾದ್ರೂ ಹೇಳೋದಿದೆಯಾ?"

"ಇದೆ. ನಿನ್ನ ಮೀಸೆ ಚೆನ್ನಾಗಿಲ್ಲ."

ನನ್ನೊಂದಿಗೆ ಅವನಾಡಿದ ಕೊನೆಯ ಮಾತು ಅದು. (ಮಣ್ಣು ಮಾಡುವ ದಿನ ಬೆಳಿಗ್ಗೆ ಬೋಳಿಸಿದೆ.)

ಹನ್ನೊಂದು ವರ್ಷ, ದಿನಾ ಸಂಜೆ ಆರಕ್ಕೆ ಮರ್ವ್ ಫೋನ್ ಮಾಡುತ್ತಿದ್ದ. ನಮಸ್ಕಾರವಿಲ್ಲ, ಕುಶಲವಿಲ್ಲ. "ಮೂವತ್ತೆರಡು, ಐವತ್ತು" ಅನ್ನುತ್ತಿದ್ದ. "ಯಾರಪ್ಪ ಕೇಳಿದ್ದು?" ಅಂತ ನಾನು ಇಟ್ಟುಬಿಡುತ್ತಿದ್ದೆ. ಈಗ ಆರು ಗಂಟೆಗೆ ಫೋನ್ ಸುಮ್ಮನಿರುತ್ತದೆ. ಅಷ್ಟು ಸುಮ್ಮನಿರಲು ಅದಕ್ಕೆ ಬರುತ್ತದೆಂದು ನನಗೆ ಗೊತ್ತಿರಲಿಲ್ಲ.

ಜುಲೈನಲ್ಲಿ ಬೆರಿಲ್‌ಳ ಕಣ್ಣು ಹಾಲಿನ ಹಾಗೆ ಮಂಕಾಯಿತು. ಪೊರೆ ಬಿಡುವ ಮುಂಚೆ ಹಾಗಾಗುತ್ತದೆಂದು ಮರ್ವ್ ನೂರು ಸಲ ಹೇಳಿದ್ದ. ಆದರೂ ಅವಳು ಅವನಿಗಾಗಿ ಅಳುತ್ತಿದ್ದಾಳೆ ಅನ್ನಿಸಿತು. ಮಾಪಕ ನೋಡಿದರೆ ತೇವ ಮೂವತ್ತೆಂಟು! ಅವನು ನನ್ನನ್ನು ನಂಬಿ ಬಿಟ್ಟುಹೋದದ್ದು ಒಂದೇ ಒಂದು ಜೀವ. ಅದರ ಕಣ್ಣನ್ನೂ ನಾನು ಕಳೆಯಬೇಕೆ?

ನೀರು ಚಿಮುಕಿಸಿದೆ. ನಲವತ್ತೆರಡು. ಸಾಲದು. ಗೂಡಿನ ಮೇಲಿನ ಜಾಲರಿಗೆ ಮರ್ವ್‌ನ ಫುಟ್‌ಬಾಲ್ ಮಫ್ಲರ್ ಹೊದಿಸಿ, ಅದರ ಮೇಲೆ ಕಂಬಳಿ ಹಾಕಿದೆ. ಗಂಟೆಯೊಳಗೆ ತೊಂಬತ್ತೆರಡು! ಗಾಜಿನ ಮೇಲೆ ನೀರು ಧಾರೆಧಾರೆ. ಗೂಡಿನ ಬಾಗಿಲು ತೆಗೆದೆ, ತೇವದ ಜೊತೆ ಶಾಖವೂ ಓಡಿಹೋಯಿತು. ಹೀಟರ್ ಏರಿಸಿದೆ, ತೇವ ಆರಿಹೋಯಿತು. ಮತ್ತೆ ಚಿಮುಕಿಸಿದೆ. ಋತುಚಕ್ರ ನನ್ನ ಬೆರಳ ತುದಿಯಲ್ಲಿತ್ತು: ಬೆಳಿಗ್ಗೆ ಮಳೆಕಾಡು, ಮಧ್ಯಾಹ್ನ ಮರುಭೂಮಿ, ಸಂಜೆಗೆ ಪುನಃ ಬ್ಯಾಲರಟ್.

"ಲೈಲ್," ಅಂದಳು ನನ್ನ ಹೆಂಡತಿ ನೋಲೀನ್, "ಇವತ್ತು ಎಷ್ಟನೇ ಸಲ ಬಾಗಿಲು ತೆಗೀತಿರೋದು?"

"ನಾಲ್ಕನೇದು."

"ಹತ್ತೊಂಬತ್ತನೇದು. ಆ ಹಾವು ಮನೇಲಿದೆಯೋ ರೈಲ್ವೆ ಸ್ಟೇಷನ್ನಿನಲ್ಲಿದೆಯೋ?"

"ನಿನಗೆ ಅರ್ಥ ಆಗಲ್ಲ. ತೇವ ಕಾಪಾಡೋದು ಅಂದ್ರೆ ಸೂಕ್ಷ್ಮವಾದ ಶಾಸ್ತ್ರ."

"ನಲವತ್ತು ವರ್ಷದಿಂದ ಈ ಊರಲ್ಲಿ ನಿನ್ನ ಬಟ್ಟೆ ಒಣಗಿಸ್ತಿದ್ದೀನಿ. ತೇವದ ವಿಷಯ ನನಗೆ ಹೇಳಬೇಡ!"

ಮರುದಿನ ಅವಳು ನನ್ನನ್ನು ಹಾಲಿಗೆ ಕಳಿಸಿದಳು. (ಹಾಲು ಮನೆಯಲ್ಲಿತ್ತು. ಆಮೇಲೆ ನೋಡಿದೆ.) ವಾಪಸು ಬಂದಾಗ ಮಫ್ಲರ್, ಕಂಬಳಿ ಎರಡೂ ಮಡಿಚಿ ಕುರ್ಚಿಯ ಮೇಲಿದ್ದವು. ಗೂಡಿಗೆ ಬೀಗ ಬಿದ್ದಿತ್ತು. ಒಳಗೆ ಒಂದು ಹಳೆಯ ದೊಡ್ಡ ಐಸ್‌ಕ್ರೀಮ್ ಡಬ್ಬಿ, ಅದಕ್ಕೊಂದು ತೂತು, ತೂತಿನಲ್ಲಿ ಬೆರಿಲ್‌ಳ ಮೂಗು.

"ಬೀಗ ತೆಗಿ, ನೋಲೀನ್."

"ಪೊರೆ ಬರೋವರೆಗೂ ತೆಗೆಯಲ್ಲ."

"ಮರ್ವ್ ಅವಳನ್ನ ಒಪ್ಪಿಸಿದ್ದು ನನಗೆ! ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಅವನಿಗೆ ನಾನು ಏನು ಹೇಳಲಿ?"

ಅವಳು ಕೀಯನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡು ಟೀ ಕಾಯಿಸಲು ಹೋದಳು.

ಐದು ದಿನ ಗಾಜಿನ ಮುಂದೆ ಕೈಕಟ್ಟಿ ಕೂತೆ. ಮಾಡುವುದಕ್ಕೇನೂ ಇರಲಿಲ್ಲ. ಹಾಗಾಗಿ ಮೇ ತಿಂಗಳಿಂದ ಮುಂದೂಡಿದ್ದೆಲ್ಲ ಒಟ್ಟಿಗೆ ಬಂತು. ಕೂತಲ್ಲೇ ಅತ್ತೆ. ನೋಲೀನ್ ಟೀ ತಂದಿಡುತ್ತಿದ್ದಳು, ತಣ್ಣಗಾದದ್ದನ್ನು ಒಯ್ಯುತ್ತಿದ್ದಳು.

ಆರನೆಯ ದಿನ ಡಬ್ಬಿಯ ಪಕ್ಕದಲ್ಲಿ ಪೊರೆ ಬಿದ್ದಿತ್ತು. ಮೂಗಿನಿಂದ ಬಾಲದವರೆಗೆ ಇಡಿಯಾಗಿ, ಎರಡು ಕಣ್ಣಿನ ಪುಟ್ಟ ಬಿಲ್ಲೆಗಳ ಸಮೇತ. ಫೋನ್ ಎತ್ತಿಕೊಂಡು ಮರ್ವ್‌ನ ನಂಬರಿನ ಅರ್ಧ ಒತ್ತಿದ್ದೆ. ಆಮೇಲೆ ನೆನಪಾಯಿತು.

ನೋಲೀನ್ ಬೀಗ ತೆಗೆದು, ಏಪ್ರನ್ನಿನ ಜೇಬಿನಿಂದ ಒಂದು ಚೀಟಿ ಕೊಟ್ಟಳು. ಆಸ್ಪತ್ರೆಯ ಊಟದ ಪಟ್ಟಿ. ಅದರ ಹಿಂದೆ ಮರ್ವ್‌ನ ಸೊಟ್ಟ ಅಕ್ಷರ.

"ನೋಲೀನ್, ಕಣ್ಣು ಮಂಕಾದ ಕೂಡಲೇ ಐಸ್‌ಕ್ರೀಮ್ ಡಬ್ಬಿಗೆ ತೂತು ಮಾಡಿ ಒದ್ದೆ ಪಾಚಿ ತುಂಬಿ ಇಡು. ಅಷ್ಟು ಸಾಕು. ಬೀಗ ನನ್ನ ಗ್ಯಾರೇಜಿನಲ್ಲಿದೆ. ಕೀ ಲೈಲ್ ಕೈಗೆ ಕೊಡಬೇಡ. ಬೆರಿಲ್ ಯಾರ ಮನೆಯಲ್ಲಾದರೂ ಬದುಕುತ್ತಾಳೆ. ಸಂಜೆ ಆರಕ್ಕೆ ಅವನಿಗೆ ನೋಡಲು ಏನಾದರೂ ಇರಬೇಕಲ್ಲ, ಅದಕ್ಕೆ ಬಿಟ್ಟು ಹೋಗುತ್ತಿದ್ದೇನೆ."

"ಮೇ ತಿಂಗಳಿಂದ ಬಚ್ಚಿಟ್ಟಿದ್ದೀಯಾ?"

"ಪೊರೆ ಬಂದ ಮೇಲೆ ತೋರಿಸು ಅಂದಿದ್ದ," ಅಂದು ಅವಳು ಅಡುಗೆಮನೆಗೆ ಹೋದಳು.

ಗಂಟೆ ಆರಾಯಿತು. ನಾನು ಮಾಪಕ ನೋಡಿದೆ.

"ಮೂವತ್ತೆರಡು, ಐವತ್ತು!" ಅಂತ ಕೂಗಿದೆ.

ಪಾತ್ರೆಯ ಸದ್ದು ನಿಂತಿತು.

"ಯಾರಪ್ಪ ಕೇಳಿದ್ದು?" ಅಂದಳು ನೋಲೀನ್.